ಚೌಕಳಿ ಲೇಯರ್

ಹಂಪನಕಟ್ಟೆ, ಮೂರನೇ ಮಾಳಿಗೆ, ಲಿಫ್ಟ್ ಇಲ್ಲ.
ಹತ್ತಿ ಬಂದವರಿಗೆ ಮೊದಲು ನೀರು, ಆಮೇಲೆ ರೇಟು.
ಕಿನ್ನಿಗೋಳಿ ಬಸ್ಸಿನಲ್ಲಿ ಬಂದ ವೆಂಕಪ್ಪ ಶೆಟ್ಟಿಗಾರರು
ನೀರು ಕುಡಿದರು, ರೇಟು ಕೇಳಲಿಲ್ಲ.
ತೊಟ್ಟೆಯೊಳಗೆ ಇನ್ನೊಂದು ತೊಟ್ಟೆ, ಅದರೊಳಗೆ
ಒಂದು ಫೋಟೊ,
ಅಂಗೈಯಗಲ ಬಟ್ಟೆ.

ಫೋಟೊದಲ್ಲಿ ಮುಖ ಉಳಿದಿತ್ತು, ಮೂಗುತಿಯೂ.
ಕತ್ತಿನಿಂದ ಕೆಳಗೆ ಬೂಸ್ಟು ಮೇದು
ಸೀರೆ ಇದ್ದಲ್ಲಿ ಸುಣ್ಣದ ಗೋಡೆ.
"ಇದು ಅಪ್ಪಿ. ಇದು ಅವಳ ಸೀರೆ, ಉಳಿದದ್ದು ಇಷ್ಟೇ.
ಒಲೆಯಿಂದ ಪಾತ್ರೆ ಇಳಿಸಲಿಕ್ಕೆ ಇಟ್ಟುಕೊಂಡಿದ್ದಳು.
ಇದನ್ನು ಇವಳಿಗೆ ಉಡಿಸಬೇಕು ಬಾಯಮ್ಮ, ಆಗ್ತದಾ?"

ಆಗ್ತದೆ. ಅದೆಂತ ದೊಡ್ಡ ವಿದ್ಯೆ ಅಲ್ಲ.
ಮದುಮಕ್ಕಳ ಹಿಂದೆ ಹೂವಿನ ಗೋಡೆ,
ಶ್ರದ್ಧಾಂಜಲಿ ಕಾರ್ಡಿಗೆ ಮೋಡ,
ಐಸ್‌ಕ್ರೀಮ್ ಅಂಗಡಿಯ ಬೋರ್ಡಿಗೆ ಅನಾನಸಿನ ಸಿಪ್ಪೆ:
ದಿನಕ್ಕೆ ಹತ್ತು ಸಲ ಹೊದೆಸುತ್ತೇನೆ ಇಂಥದ್ದು.
ಬಟ್ಟೆಯನ್ನು ಸ್ಕ್ಯಾನರಿನಲ್ಲಿ ಮಲಗಿಸಿ
ಎಣ್ಣೆಕಲೆ ಬಿಟ್ಟು, ಸುಟ್ಟ ಮೂಲೆ ಬಿಟ್ಟು
ಒಂದು ಚೌಕ ಕತ್ತರಿಸಿ ಹೆಸರಿಟ್ಟೆ.
ಅವಳ ಸುತ್ತ ಗೆರೆ ಎಳೆದು ಬೇರೆ ಲೇಯರ್ ಮಾಡಿ
ಪ್ಯಾಟರ್ನ್ ಓವರ್‌ಲೇ, ಓಕೆ.
ರೆಪ್ಪೆ ಬಡಿಯುವಷ್ಟರಲ್ಲಿ ಆರು ಗಜ.

ಅವರು ತುಂಬ ಹೊತ್ತು ಸುಮ್ಮನಿದ್ದರು.
"ನನಗೆ ಮೂರು ದಿನ ಬೇಕಿತ್ತು," ಅಂದರು.
ದೂರಲ್ಲ, ಲೆಕ್ಕ.

ಆಮೇಲೆ ಶುರು.
"ಇಷ್ಟು ದೊಡ್ಡ ಚೌಕಳಿ ಹೊದಿಕೆಗೆ, ಸೀರೆಗಲ್ಲ."
ಸ್ಕೇಲ್ ಇಳಿಸಿದೆ. ನೂರು, ಅರವತ್ತು, ಇಪ್ಪತ್ತೆರಡು.
"ಹ್ಞಾಂ, ಅಲ್ಲಿ ನಿಲ್ಲಿ. ಬಣ್ಣ ಹಸಿ ಉಂಟು."
ಮಲ್ಟಿಪ್ಲೈಗೆ ಇಟ್ಟು ಒಪ್ಯಾಸಿಟಿ ಎಪ್ಪತ್ತಕ್ಕೆ ತಂದೆ.
ಬೂಸ್ಟು ತಿನ್ನದೆ ಬಿಟ್ಟ ನಾಲ್ಕಾರು ನೆರಳು
ಕೆಳಗಿನಿಂದ ಎದ್ದು ಬಂದವು, ನೆರಿಗೆಯಾದವು.
"ಮೊಣಕೈ ಮಡಚಿದ್ದಾಳಲ್ಲ, ಚೌಕಳಿ ಯಾಕೆ ಮಡಚಲಿಲ್ಲ?"
ಇದಕ್ಕೆ ಮೈ ಗೊತ್ತಿಲ್ಲ ಅಂದೆ,
ಎಲ್ಲಿ ಮುಗಿಯುತ್ತದೆ ಅಂತ ಮಾತ್ರ ಗೊತ್ತು.

ಕನ್ನಡಕ ಒರೆಸಿ, ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿ
ಎಣಿಸತೊಡಗಿದರು. ಒಂಜಿ, ರಡ್ಡ್, ಮೂಜಿ...
ಪ್ರತಿ ಚೌಕದ ಎಡಮೂಲೆಗೆ ಒಂದು ಗಂಟು, ಸಾಸಿವೆಯಷ್ಟು.
ನನ್ನ ಕಣ್ಣಿಗೆ ಬಿದ್ದಿರಲಿಲ್ಲ.
ಬಟ್ಟೆಯಲ್ಲಿದ್ದ ಒಂದೇ ಒಂದು
ಇಲ್ಲಿ ನೂರ ಹದಿನಾಲ್ಕು.

"ತೆಗೆದುಬಿಡ್ತೇನೆ, ಒಂದು ಕ್ಲಿಕ್."
"ಬೇಡ. ಅದು ನನ್ನದಲ್ಲ.
ಕಂಡಿಕೆ ಸುತ್ತುವವಳು ಅವಳು.
ನೂಲು ತುಂಡಾದರೆ ಉಗುರಲ್ಲಿ ಒತ್ತಿ ಗಂಟು ಹಾಕ್ತಿದ್ದಳು,
ದೇವರಿಗೂ ಕಾಣದ ಹಾಗೆ.
ಇದೊಂದು ಕಂಡದ್ದು. ಆ ದಿನ ಜಗಳ.
ಎಂತಕ್ಕೆ ಅಂತ ನೆನಪಿಲ್ಲ.
ನಾನೂ ಸಿಟ್ಟಲ್ಲಿ ಲಾಳಿ ನಿಲ್ಲಿಸದೆ ನೇಯ್ದುಬಿಟ್ಟೆ.
ಸೊಸೈಟಿಯವರು ಈ ಸೀರೆ ತೆಗೊಳ್ಳಲಿಲ್ಲ.
ಹಾಗೆ ಅವಳಿಗೆ ಸಿಕ್ಕಿದ್ದು."

ಚೌಕದಲ್ಲಿ ಒಂದನ್ನು ಅಳಿಸಿದೆ, ಎಲ್ಲವೂ ಹೋದವು.
ಅಳಿಸುವ ಮೊದಲು ಒಂದನ್ನು
ಬೇರೆಯೇ ಲೇಯರಿನಲ್ಲಿ ತೆಗೆದಿಟ್ಟುಕೊಂಡಿದ್ದೆ.
ಎಲ್ಲಿಡಲಿ?
ಭುಜಕ್ಕೆ ಬೆರಳಿಟ್ಟರು, ತೆಗೆದರು. ನೆರಿಗೆಗೆ ಇಟ್ಟರು.
"ಎಲ್ಲಿತ್ತೋ. ಉಟ್ಟ ಮೇಲೆ ನಾನು ಸೀರೆ ನೋಡಿದವನಲ್ಲ."
ಗಾಜಿನ ಮೇಲೆ ಎರಡು ಬೆರಳಚ್ಚು.

ಫ್ರೇಮಿಗೆ ಸರಿಯಾಗಲಿ ಅಂತ
ಅಪ್ಪಿಯನ್ನು ಸ್ವಲ್ಪ ಎಡಕ್ಕೆ ಎಳೆದೆ.
ಪ್ಯಾಟರ್ನನ್ನು ಲೇಯರಿಗೆ ಕಟ್ಟುವ ಆ ಸಣ್ಣ ಟಿಕ್ಕು
ಹಾಕಲು ಮರೆತಿದ್ದೆ.
ಅವಳು ಸರಿದಳು, ಚೌಕಳಿ ಸರಿಯಲಿಲ್ಲ.
ನಿಂತ ಬಟ್ಟೆಯೊಳಗೆ ಅವಳು ಹಾದುಹೋದಳು,
ಹಗ್ಗಕ್ಕೆ ಹರವಿದ ಸೀರೆಯಾಚೆ
ಬಿಸಿಲಲ್ಲಿ ಯಾರೋ ಆಚೀಚೆ ಓಡಾಡಿದ ಹಾಗೆ.

ಸಾರಿ ಅಂದು ಹಿಂದಕ್ಕೆ ತರಹೋದೆ.
"ಇರಲಿ," ಅಂದರು. "ಇನ್ನೊಮ್ಮೆ."

ಸ್ಟೇಟ್‌ಬ್ಯಾಂಕಿನಿಂದ ಅವರ ಬಸ್ಸು ಹೊರಡುವ ಹೊತ್ತು.
ಗಂಟು ಇನ್ನೂ ಚಿತ್ರದ ಹೊರಗೆ, ಮೂಲೆಯಲ್ಲಿ ಕಾಯುತ್ತಿತ್ತು.
ನಾನು ಎಡಕ್ಕೆ ಎಳೆದೆ,
ಬಲಕ್ಕೆ,
ಅವರು ಹೇಳಿದಷ್ಟು ಸಲ.