'ಡಿ' ಸಾಲಲಿಲ್ಲ

ದಾವಲಸಾಬ ನದಾಫ
ಬಾಗಲಕೋಟೆಯ ಜಕಾತಿ ನಾಕಾದಾಗ ಕಾರಕೂನ.
ಚಕ್ಕಡಿ ನಿಲ್ಲಸೂದು, ಚೀಲ ಎಣಸೂದು, ಪಾವತಿ ಹರಕೊಡೂದು.
ಚಕ್ಕಡಿ ಬರದ ಹೊತ್ತಿನ್ಯಾಗ
ನಿಘಂಟು ಹಚ್ಚಿಕೊಂಡು ರಷ್ಯನ್ ಓದೂದು.

ಹುಬ್ಬಳ್ಳಿಯಿಂದ ಪುಸ್ತಕದ ಮೋಟಾರು ಬಂದಾಗ
ರಟ್ಟು ಕಿತ್ತದ್ದು ಅಂತ ನಾಕಾಣೆಗೆ ಸಿಕ್ಕಿದ್ದಂತ ಅದು.
ಮೊದಲಿನ ಎಂಟು ಪುಟ ಇಲ್ಲ. ಬರದಾತನ ಹೆಸರಿಲ್ಲ.
"ಹೆಸರು ಹೋದ್ರ ಹೋಗ್ಲಿ, ಬಾಳೆಲ್ಲ ಉಳದೈತಲ್ಲ" ಅಂತ
ಕಿಲ್ಲಾ ಓಣಿ ಪ್ರೆಸ್ಸಿನ್ಯಾಗ
ನನ್ನ ಮೊಳೆ ಪೆಟ್ಟಿಗಿ ಮುಂದ ಸ್ಟೂಲ್ ಎಳಕೊಂಡು
ಖಾಸಾ ಕಾಕಾನ ಸುದ್ದಿ ಹೇಳಿದಂಗ ಹೇಳಾಂವ:

ಆರು ತಿಂಗಳು ಹೊಳಿ ಕಲ್ಲಾಗೋ ಊರಾಗ ಹುಟ್ಟಿದಾಂವ.
ಉಪ್ಪಿನ ಕಚೇರ್ಯಾಗ ನೌಕರಿ.
("ನನ್ನಂಗ!" ಅಂತಿದ್ದ ಇಲ್ಲಿ, ಪ್ರತಿ ಸಲ.)
ರಾಣಿ ಮ್ಯಾಲೆ ಉದ್ದುದ್ದ ಹೊಗಳಿಕಿ ಬರದ, ರಾಣಿ ಆಕಳಿಸಿದಳು.
ನಾಟಕ ಬರದ, ಕುರ್ಚಿಗಳಷ್ಟ ನೋಡಿದವು.
ನಾಲ್ವತ್ತು ದಾಟಿದ ಮ್ಯಾಲೆ ಒಂದು ಹುಂಜಕ್ಕ ಮಾತು ಕಲಿಸಿದ,
ಊರು ಕಿವಿ ಕೊಟ್ಟಿತು.
"ನಿನ್ನ ಕಥ್ಯಾಗಿನ ಸಿಂಹ ಯಾರೋ?" ಅಂತ ದೊರಿ ಕೇಳಿದ್ರ
"ಕೇಳಿದಾಗ ಯಾರ ಕೂದಲ ನಿಮಿರತಾವೋ ಅವರು" ಅಂದನಂತ.
ಗಡೀಪಾರು ಆಗಲಿಲ್ಲ. ಪದಕ ಸಿಕ್ಕಿತು.
ಪದಕ ಹಾಕ್ಕೊಂಡಾಂವ ಮುಂದ ಹದಿನೇಳು ವರ್ಷ
ಉಂಡ, ಮಲಗಿದ, ಬರೀಲಿಲ್ಲ.
"ಇದು ಇನಾಮೋ ಶಿಕ್ಷಾನೋ ಹೇಳು ನೋಡೂಣು" ಅಂತಿದ್ದ ದಾವಲಸಾಬ.
ನನಗ ತಿಳೀಲಿಲ್ಲ, ಇವತ್ತಿಗೂ.

ಇಪ್ಪತ್ತಾರು ಕಥಿ ಕನ್ನಡಕ್ಕ ಇಳಿಸಿದ.
ಪಗಾರದಾಗ ಉಳಿಸಿ ಇನ್ನೂರು ಪ್ರತಿ.
ಹತ್ತೊಂಬತ್ತನೇದು, ಕರಡಿ ಮತ್ತು ತಕ್ಕಡಿ:
ಕಾಡಿನ ತಕ್ಕಡಿ ಕಾಯಾಕ ಕರಡೀನ ನೇಮಿಸಿದ್ರು,
ಅದು ತಾನ ಹೋಗಿ ಪರಡ್ಯಾಗ ಕೂತು
"ಕಾಡೆಲ್ಲ ಸೇರಿದ್ರೂ ನನಗಿಂತ ಹಗುರ" ಅಂತ ಬರಕೊಂಡಿತು.

ಜೋಡಸಾಕ ಕೂತೆ. 'ಡಿ' ಖಾನೆ ಖಾಲಿ.
ಪುರಸಭೆ ಇಲೆಕ್ಷನ್ನು. ಅಧ್ಯಕ್ಷರ ಕರಪತ್ರ
ಚೌಕಟ್ಟಿನ್ಯಾಗ ಬಿಗದು ನಿಂತಿತ್ತು:
ಮತ ನೀಡಿ, ಬೆಂಬಲ ನೀಡಿ, ಆಶೀರ್ವಾದ ಮಾಡಿ,
ನೀಡಿ ನೀಡಿ ನೀಡಿ.
ಪ್ರೆಸ್ಸಿನ ಅಷ್ಟೂ 'ಡಿ' ಅಲ್ಲೇ ಕೈ ಚಾಚಿ ನಿಂತಿದ್ದವು.
ರಾತ್ರಿ ಹತ್ತು. ಮುಂಜಾನಿ ಮಶೀನಿಗೆ ಏರಬೇಕು.
ಕರಡಿ ತಗದು ಕೋಣ ಇಟ್ಟೆ.
ತಕ್ಕಡಿ ತಗದು ತ್ರಾಸು ಇಟ್ಟೆ.
ಅರ್ಥ ಅದ ಅಲ್ಲ, ಅಂತ ನನಗ ನಾನ ಹೇಳಿಕೊಂಡು
ಪ್ರೂಫ್ ತೋರಸಲಾರದ ಕಟ್ಟಿದೆ.
ಊರಾಗ ಯಾರಿಗೆ ಹಿಂದಿಂದ ಕ್ವಾಣ ಅಂತಿದ್ರೋ
ನನಗ ಗೊತ್ತಿರಲಿಲ್ಲ ಅಂತ ಈಗ ಹೇಳಿದ್ರ
ನಂಬಬ್ಯಾಡ್ರಿ.

ಎಂಟು ದಿನಕ್ಕ ಕರೆ ಬಂತು. ಮೇಜಿನ ಮ್ಯಾಲೆ ಪುಸ್ತಕ.
"ಈ ಕ್ವಾಣ ಯಾರಲೇ?"
ದಾವಲಸಾಬ ಬಗ್ಗಿ ನೋಡಿದ.
ತಾ ಬರೀಲಾರದ ಕೋಣ ತನ್ನ ಪುಟದಾಗ ನಿಂತು
ಮೆಲಕು ಹಾಕ್ತಿತ್ತು.
"ರಷ್ಯಾದ್ದು, ಸಾಹೇಬ್ರ."
"ರಷ್ಯಾದಾಗ ಕ್ವಾಣ ಇರತಾವೇನು?"
ಕರಡಿ ಅನ್ನಬಹುದಿತ್ತು.
ಮೊಳೆ ಜೋಡಸೋ ಹುಡುಗನ ತಪ್ಪು ಅನ್ನಬಹುದಿತ್ತು.
"ನಾ ಹೋಗಿ ನೋಡಿಲ್ರಿ. ಹುಡುಕಿದ್ರ ಸಿಕ್ಕಾವು."
ಇಷ್ಟ ಅಂದನಂತ.

ಘಟಪ್ರಭಾ ದಂಡಿ ನಾಕಾಕ್ಕ ವರ್ಗ. ಖಾಯಂ ರಾತ್ರಿ ಪಾಳಿ.
ಅಲ್ಲಿ ಕಂದೀಲು, ಸೊಳ್ಳಿ, ಹೊಳಿ ಸಪ್ಪಳ.
ನಾ ಹೋಗಿ ಮಾತಾಡಸಲಿಲ್ಲ.
ಈಗ ಆ ಪ್ರೆಸ್ಸು, ಓಣಿ, ಎಲ್ಲಾ ಹಿನ್ನೀರಿನ ಕೆಳಗ.
ಮೊಳಿ ಕಿಲೋ ಲೆಕ್ಕದಾಗ ಗುಜರಿಗೆ ಹೋದವು,
ತ್ರಾಸಿನ್ಯಾಗ ತೂಗಿದಾಂವ ನಾನ.

ಆದ್ರ ಅದಕ್ಕೂ ಮೊದಲ, ವರ್ಗ ಆದ ಎರಡು ವರ್ಷಕ್ಕ,
ಒಂದು ಸಂಜಿಮುಂದ ಆತ ಬಂದಿದ್ದ.
ಸ್ಟೂಲ್ ಎಳಕೊಂಡ. ಚಾ ಕುಡದ. ಪಾವತಿ ಪುಸ್ತಕದ ಬೆನ್ನಮ್ಯಾಲೆ
ಬರದ ಹೊಸಾ ಕಥಿಗಳ ಕಟ್ಟು ಇಟ್ಟು, ಏನೂ ಅನ್ನಲಾರದ ಹೋದ.

ಓದಿದೆ. ಇವು ರಷ್ಯಾದವಲ್ಲ, ಆತನವ.
ಮತ್ತೊಮ್ಮೆ ಓದಿದೆ, ಬೆರಳಿಟ್ಟು, ಅಕ್ಷರ ಅಕ್ಷರ.
ಮೂವತ್ತು ಪುಟದಾಗ ನೋಡಿ ಇಲ್ಲ, ಕೊಡಿ ಇಲ್ಲ, ಕರಡಿ ಇಲ್ಲ.
ಹಗಲೆಲ್ಲ ಚಕ್ಕಡಿ ಎಣಿಸಿ ಬದುಕಿದಾತ
ಚಕ್ಕಡಿ ಅನ್ನೋ ಶಬ್ದನ
ಬರದಿರಲಿಲ್ಲ.