ರದ್ದಾದ ಕಂಬಳಿ

ಚಳ್ಳಕೆರೆಯ ಉಣ್ಣೆ ಸೊಸೈಟಿಯಲ್ಲಿ
ಕಂಬಳಿ ತೂಗಿ ಮೊಹರು ಒತ್ತುವುದು ನನ್ನ ಕೆಲಸ.
ತೂಕದಲ್ಲಿ ಒಂದು ತೊಲ ಕಮ್ಮಿ ಬಂದರೂ ವಾಪಸ್ಸು.
ಕಲ್ಲೆದೆಯವನು ಎನ್ನುತ್ತಿತ್ತು ಊರು.

ಆ ಭಾದ್ರಪದದಲ್ಲಿ ತಂತಿ ಬಂತು:
ನಾಲ್ಕು ಸಾವಿರ, ಕಪ್ಪು, ಜರೂರು.
ಗಡಿಯಲ್ಲಿ ಯಾವುದೋ ಕಣಿವೆ. ಅದರ ಹೆಸರು
ರೇಡಿಯೋದವನ ನಾಲಗೆಯಲ್ಲೂ ಹೊರಳಲಿಲ್ಲ.
ನಮ್ಮಲ್ಲಿ ಬದು ಒತ್ತಿದರೆ ಕುಡುಗೋಲು ಏಳುತ್ತದೆ,
ಅಲ್ಲಿ ಫಿರಂಗಿ ಎದ್ದಿತ್ತು.

ಊರು ಹಿಗ್ಗಿತು. ಮುಚ್ಚಿಡುವುದೇನು,
ಯುದ್ಧ ಎಂದರೆ ನಮಗೆ ಕಂಬಳಿಗೆ ಎರಡು ರೂಪಾಯಿ ಹೆಚ್ಚು.
ಗುಣಿಮಗ್ಗದಲ್ಲಿ ಕಾಲು ಇಳಿಬಿಟ್ಟವರು
ಉಣ್ಣಲೂ ಏಳಲಿಲ್ಲ.
ಹುಣಸೆ ಬೀಜದ ಸರಿ ಬೇಯುವ ವಾಸನೆ
ಎಣ್ಣೆ ಮಿಲ್ಲಿನ ಹಿಂಡಿ ವಾಸನೆಯನ್ನೂ ತಳ್ಳಿಕೊಂಡು
ಸಂತೆ ಮೈದಾನದವರೆಗೆ ಬಂತು.
ಹಾಸಿನ ಮೇಲೆ ಕುಂಚ ಆಡಿಸುತ್ತ ಮುದುಕರು
ಹಿಂದಿನ ಯುದ್ಧದಲ್ಲಿ ಹಾಕಿಸಿದ ಹೆಂಚು ನೆನೆದರು.
'ಇನ್ನೊಂದು ತಿಂಗಳು ನಡೀಲಪ್ಪ' ಎಂದ ಒಬ್ಬ,
ಮಗಳ ಮದುವೆ ಗೊತ್ತಾಗಿದ್ದವನು.
ಯಾರೂ ಗದರಲಿಲ್ಲ.
ನಾನೂ.

ತಿಪ್ಪಕ್ಕ ನೂಲುವವಳು.
ಅವಳ ನೂಲಿಗೆ ಮೊಳಕ್ಕೊಂದು ಸಣ್ಣ ಗಂಟು,
ಹೆಬ್ಬೆರಳ ಹಳೇ ಗಾಯದ್ದು.
ಅದಕ್ಕಾಗಿ ಎರಡು ಸಲ ವಾಪಸ್ಸು ಕಳಿಸಿದ್ದೇನೆ.
ಮಗ ಮೈಲಾರಿ ಅಲ್ಲೇ ಇದ್ದ, ಹೆಸರು ಹೊರಳದ ಆ ಕಣಿವೆಯಲ್ಲಿ.
'ಇದರಾಗೊಂದು ಅವನಿಗೆ ಸಿಕ್ಕೀತಾ ಗುಮಾಸ್ತ್ರೇ?'
ನಾಲ್ಕು ಸಾವಿರದಲ್ಲಿ ಒಂದು. ಲೆಕ್ಕ ಬಲ್ಲವನು ನಾನು,
ಆದರೂ ಸಿಕ್ಕುತ್ತದೆ ಎಂದೆ.
'ಗಂಟು ಮುಟ್ಟಿದ್ರೆ ಅವನಿಗೆ ತಿಳೀತೈತೆ' ಎಂದಳು.

ಒಂದೇ ದಿನ ಎರಡು ತಂತಿ.
ಅಂಚೆ ಹುಡುಗನ ಸೈಕಲ್ಲು ಮೊದಲು ನನ್ನ ಬಾಗಿಲಿಗೆ:
ಪರಿಸ್ಥಿತಿ ತಿಳಿಯಾಗಿದೆ, ಆರ್ಡರು ರದ್ದು.
ಆಮೇಲೆ ಕುರುಬರ ಕೇರಿಗೆ.

ಯುದ್ಧ ತಪ್ಪಿತು ಎಂದು ಬರೆದಿತ್ತು ಪೇಪರು
ದಪ್ಪಕ್ಷರದಲ್ಲಿ. ನಿಜವೇ.
ತುರು ಮರಳಿಸಿ ಸತ್ತವನಿಗೂ
ಹೊಲದ ಬದುವಿನಲ್ಲಿ ವೀರಗಲ್ಲಿರುವ ಸೀಮೆ ಇದು;
ಆಗದ ಯುದ್ಧದಲ್ಲಿ ಸತ್ತವನನ್ನು
ಎಲ್ಲಿ ಬರೆದುಕೊಳ್ಳುವುದೆಂದು
ತಾಲ್ಲೂಕು ಕಚೇರಿಯಲ್ಲಿ ತಿಳಿದವರಿರಲಿಲ್ಲ.
'ಯಾವ ಯುದ್ಧ' ಎಂಬ ಅಂಕಣದಲ್ಲಿ
ಶಿರಸ್ತೇದಾರರು ಒಂದು ಗೀಟು ಎಳೆದರು,
ಅಳತೆಪಟ್ಟಿ ಇಟ್ಟು, ನೆಟ್ಟಗೆ.

ಬಂದದ್ದು ಒಂದು ಟ್ರಂಕು:
ಎರಡು ಬನೀನು, ಕ್ಷೌರದ ಬಟ್ಟಲು,
ಹೊರಡುವಾಗ ಅವ್ವ ಕಟ್ಟಿಕೊಟ್ಟ ಭಂಡಾರ,
ಗಂಟು ಬಿಚ್ಚದೆ.

ಗೋದಾಮಿನಲ್ಲಿ ಸಾವಿರದ ಇನ್ನೂರು ಕಂಬಳಿ ಕೊಳೆಯತೊಡಗಿದವು.
ಊರು ನನ್ನನ್ನು ಬೈಯಿತು, ಸರ್ಕಾರವನ್ನು ಬೈಯಿತು,
ಮೂರನೆಯದೊಂದನ್ನು ಹೆಸರು ಹಿಡಿಯದೆ ಬೈಯಿತು.
ಮದುವೆ ಮುಂದಕ್ಕೆ ಹೋಯಿತು.

ಒಂದು ಸಂಜೆ ತಿಪ್ಪಕ್ಕ ಬಂದಳು.
ಕೂಲಿ ಬಾಕಿಗೆ ಇರಬೇಕು ಎಂದು
ನಾನು ಆಗಲೇ ಉತ್ತರ ಜೋಡಿಸಿಕೊಂಡಿದ್ದೆ.
'ನನ್ನ ನೂಲಿಂದು ಒಂದು ತೆಗೀರಿ' ಎಂದಳು.
'ಟ್ರಂಕು ಬರೀ ನೆಲದ ಮೇಲೈತೆ.
ಗದ್ದಿಗೆ ಹಾಸಬೇಕು.'

ಲಾಟೀನು ಹಚ್ಚಹೋದೆ, ಬೇಡವೆಂದಳು.
ಕತ್ತಲಲ್ಲೇ ಕಂತೆ ಇಳಿಸಿದೆವು,
ಒಂದೊಂದರ ಮೇಲೂ ಬೆರಳಾಡಿಸಿದೆವು,
ಕುರಿಯ ಬೆವರು, ಹುಣಸೆ ಸರಿ, ಇಲಿಯ ಹಿಕ್ಕೆ.
ಎಷ್ಟು ಹೊತ್ತೋ. ಬೀದಿಯಲ್ಲಿ
ಎಮ್ಮೆಗಳು ಹಾದುಹೋದ ಸದ್ದಾಯಿತು.

ಸಿಕ್ಕಿತು. ನನ್ನ ಕೈಗೇ ಮೊದಲು:
ಒಂದು ಗಂಟು, ಮೊಳ ಬಿಟ್ಟು ಇನ್ನೊಂದು.
ತಕ್ಷಣ ಹೇಳಲಾಗಲಿಲ್ಲ.

'ತೂಗಬೇಕಾ?' ಎಂದಳು.
ತಕ್ಕಡಿ ಅಲ್ಲೇ ಇತ್ತು.

ರಿಜಿಸ್ಟರಿನಲ್ಲಿ ಆ ಒಂದು ಕಂಬಳಿ
ಇವತ್ತಿಗೂ 'ನುಸಿ ತಿಂದದ್ದು' ಎಂದಿದೆ.
ಅಕ್ಷರ ನನ್ನದೇ.