ಎಪ್ಪತ್ತರ ಕೆಳಗೆ

ಅಪ್ಪ ಒಣದ್ರಾಕ್ಷಿಗೆ ಅಂಕ ಹಾಕುವವನು.
ಇಜ್ಮಿರಿನ ಬಂದರಿನ ಹಿಂದಿನ ಗೋದಾಮಿನಲ್ಲಿ
ಬಡಗಣ ಕಿಟಕಿಯ ಬೆಳಕಿಗೆ ನೀಲಿ ಕಾಗದ ಹಾಸಿ
ಒಂದು ಹಿಡಿ ಸುರುವಿ, ಬೆರಳ ತುದಿಯಲ್ಲಿ ಸರಿಸಿ ಸರಿಸಿ
ಹೇಳುತ್ತಿದ್ದ: ಏಳು. ಒಂಬತ್ತು. ಒಂಬತ್ತೇ. ಎಂಟು.
ಹನ್ನೊಂದು ಅಂದದ್ದು ನಾ ಕೇಳಿದ ಹಾಗೆ ಎರಡೇ ಸಲ,
ಅದರಲ್ಲೊಂದು ಅವನಿಗೆ ಆಗದವನ ತೋಟದ್ದು.

ನಾನು ಗುಲ್ಸೆರೆನ್, ರಿಫ್ಕಿಯ ಮಗಳು.
ಹಗಲು ಸುಂಕದ ಕಚೇರಿಯಲ್ಲಿ ಮೊಹರು ಒತ್ತಿ
ಸಂಜೆಯ ದೋಣಿಯಲ್ಲಿ ಕೊಲ್ಲಿ ದಾಟಿ ಬಂದು
ಪರದೆ ತೆರೆದು ಕೂರುತ್ತೇನೆ.
ಹಸಿರು ಕಡ್ಡಿ, ಕೆಂಪು ಕಡ್ಡಿ,
ಯಾರದೋ ಆಸೆ, ಯಾರದೋ ದಿಗಿಲು
ಬತ್ತಿಯಾಗಿ ನಿಂತ ಸಾಲು.

ಮೊದಲ ವರ್ಷ ಜರಡಿ ಇರಲಿಲ್ಲ.
ಕಂಡದ್ದೆಲ್ಲ ಆಕಾರ. ತಲೆಯೊಂದು, ಹೆಗಲೆರಡು.
ಹಿಡಿಯುಳ್ಳ ಬಟ್ಟಲು. ಕೋಲಿಗೆ ಕಟ್ಟಿದ ಪುಟ್ಟ ಬಾವುಟ.
ಫೋನು ಕಿಣಿ ಎಂದರೆ ಸಾಕು, ನಾನು ಕೊಳ್ಳುವುದು.
ಬದನೆ ಹೆಚ್ಚುತ್ತ ಕೊಂಡೆ.
ಮದುವೆಮನೆಯ ಬಚ್ಚಲಲ್ಲಿ ನಿಂತು ಮಾರಿದೆ.
ಆಸ್ಪತ್ರೆಯಲ್ಲಿ ಅಮ್ಮನ ಎದೆಗೆ ತಂತಿ ಅಂಟಿಸಿದ್ದರು,
ಗೀಟೆಳೆದ ಕಾಗದ ಉದ್ದಕ್ಕೆ ಹೊರಬರುತ್ತಿತ್ತು,
ಅದರಲ್ಲಿ ನನಗೆ ಜೋಡಿ ತಳ ಕಂಡಿತು.
ಏರುತ್ತದೆ, ಅಂದುಕೊಂಡೆ.
ಇದನ್ನು ಯಾರಿಗೂ ಹೇಳಿಲ್ಲ.

ಆಮೇಲೆ ಕೂತು ಅಂಕ ಬರೆದೆ.
ಕೊರಳ ಗೆರೆ ನೆಟ್ಟಗಿದ್ದರೆ ಇಷ್ಟು,
ಅದು ಮುರಿದ ದಿನ ಕೈ ಬದಲಿಸಿದ ಷೇರು ಹೆಚ್ಚಿದ್ದರೆ ಇಷ್ಟು,
ವಾರದ ಹರಿವು ದಿನದ ಹರಿವಿಗೆ ಎದುರಾದರೆ ಇಷ್ಟು ಕಳೆ.
ನನಗೆ ಎಷ್ಟು ಬೇಕೆನಿಸಿತು ಎಂಬುದಕ್ಕೆ ಸೊನ್ನೆ.
ನೂರಕ್ಕೆ ಎಪ್ಪತ್ತು. ಅದರ ಕೆಳಗಿನದು
ಬೂದು ಬಣ್ಣಕ್ಕೆ ತಿರುಗಿ, ಸದ್ದಿಲ್ಲದೆ ತಳಕ್ಕಿಳಿಯಬೇಕು.
ಮೊದಲ ರಾತ್ರಿ ನಾನೂರ ಹನ್ನೆರಡರಲ್ಲಿ ಉಳಿದದ್ದು ಐದು.
ಫೋನು ಸತ್ತಿತೇನೋ ಎಂದು ಎರಡು ಸಲ ಮುಟ್ಟಿ ನೋಡಿದೆ.

ಜರಡಿ ಹಿಡಿದವಳಿಗೆ ಜೊಳ್ಳಿನದೇ ಕನಸು.
ಅರವತ್ತೆಂಟು ಸಿಕ್ಕ ಸಿಮೆಂಟು ಕಂಪನಿಯೊಂದು
ಬೂದಿಯಲ್ಲಿ ಮಲಗಿದ್ದು ಎದ್ದು, ಹನ್ನೊಂದು ದಿನ
ಮೆಟ್ಟಿಲು ಕಲಿಯುವ ಮಗುವಿನ ಹಾಗೆ ಹತ್ತಿತು.
ತೊಂಬತ್ತೊಂದರ ಚೆಲುವೆ, ಒಂದು ಗೆರೆಯೂ ಸೊಟ್ಟಗಿಲ್ಲದ್ದು,
ಮಧ್ಯಾಹ್ನದ ಬಾಂಗಿಗೆ ಮುಂಚೆ ಮಕಾಡೆ ಬಿತ್ತು.
"ಎರಡಂಕ ತಾನೆ," ಪಕ್ಕದ ಮೇಜಿನ ಫೆರ್ಹುಂದೆ ನಕ್ಕಳು,
"ಅರವತ್ತೈದಕ್ಕೆ ಇಳಿಸು, ಯಾರಪ್ಪನ ಗಂಟು ಹೋಗುತ್ತೆ?"

ನನ್ನಪ್ಪನದು.
ಅವನ ಹತ್ತಿರವೂ ಒಬ್ಬ ವರ್ತಕ ಬಂದಿದ್ದ,
ಒಂದಂಕ ತಾನೆ ರಿಫ್ಕಿ ಬೇ, ಹಡಗು ಕಾದಿದೆ ಎಂದು.
ಅಪ್ಪ ಬೆರಳು ಒರೆಸಿಕೊಂಡ. ಚಹಾ ತರಿಸಿದ, ಅವನಿಗೂ.
ಲೋಟ ಬರಿದಾದ ಮೇಲೆ ಅಂದ: ಎಂಟು.
ಮನೆಗೆ ಬರುವ ದಾರಿಯಲ್ಲಿ ಕೇಳಿದೆ,
"ಹತ್ತರಲ್ಲಿ ಕಲ್ಲು ಸಿಗಲ್ಲವಾ ಅಪ್ಪ?"
"ಸಿಗುತ್ತೆ. ನನಗೇ ಒಂದು ಹಲ್ಲು ಹೋಗಿದೆ."
ದೀಪದ ಕಂಬದ ಕೆಳಗೆ ನಿಂತು
ಬಾಯಿ ತೆರೆದು ತೋರಿಸಿದ.

ಈ ರಾತ್ರಿ ಒಂದೂ ದಾಟಿಲ್ಲ.
ಎಲ್ಲಕ್ಕಿಂತ ಮೇಲಿನದು ಅರವತ್ತೊಂಬತ್ತು.
ಬೆರಳು ಅದರ ಮೇಲೆ ಹೋಗಿ ನಿಂತಿದೆ,
ನೀಲಿ ಕಾಗದದ ಮೇಲೆ ನಿಂತ ಹಾಗೆ.
ಕಿಟಕಿಯಾಚೆ ಕೊನೆಯ ದೋಣಿ ಕೂಗುತ್ತದೆ.
ಪರದೆ ಆರಿಸುತ್ತೇನೆ.

ಏಳು ಹಡಗು ಹತ್ತುತ್ತಿರಲಿಲ್ಲ;
ಅಪ್ಪ ಅದನ್ನು ಕೋಟಿನ ಜೇಬಲ್ಲಿ ಮನೆಗೆ ತರುತ್ತಿದ್ದ.
ಕಪ್ಪಗೆ, ಒಂದಿಷ್ಟು ತೊಟ್ಟು, ಒಂದಿಷ್ಟು ಜೇಬಿನ ನೂಲು.
ನಾವು ಬೆಳೆದದ್ದು ಅದನ್ನೇ ತಿಂದು. ಸಿಹಿಯಾಗಿತ್ತು.
ಸಿಹಿ ಅಂತ ಅವನೆಂದೂ
ಒಂದಂಕ ಹೆಚ್ಚು ಹಾಕಲಿಲ್ಲ.